ಹಾಡಿನ ಎಳೆತ ಕತ್ತರಿಸಿದವನು ನಾನು

ಮಸ್ಕಿ
ಆಗಸ್ಟ್ 1993

ತಂಗಿ ಹುಸೇನಮ್ಮಾ,

ಇದು ನಾಲ್ಕನೆಯ ಹಾಳೆ. ಮೂರು ಹರಿದು ಒಗೆದೆ. ಮೂರರಲ್ಲೂ ನಿನ್ನ ಕ್ಷೇಮ ಕೇಳಲು ಶುರು ಮಾಡಿ ದೇಶದ ಕ್ಷೇಮಕ್ಕೆ ಹೋಗಿ ನಿಂತಿದ್ದೆ. ಚಳವಳಿಯವರ ಕೈ ಹೀಗೇ. ತಪ್ಪು ಒಪ್ಪಿಕೊಳ್ಳಲು ಕೂತರೂ ಕರಪತ್ರ ಬರೆಯುತ್ತದೆ. ಅದಕ್ಕೇ ಈ ಸಲ ಮೊದಲು ಮಾತು, ಉಳಿದದ್ದೆಲ್ಲ ಆಮೇಲೆ.

ನಿನ್ನ ಹಾಡಿನ ಪ್ರತಿ ನುಡಿಯ ಕೊನೆಗಿದ್ದ ಉದ್ದನೆಯ ಎಳೆತವನ್ನು ಕ್ಯಾಸೆಟ್ಟಿನಿಂದ ತೆಗೆಸಿದವನು ನಾನು. ನೀನಲ್ಲ. ಅಂಗಡಿಯ ಗೌಸ್‌ಸಾಬ್ ಅಲ್ಲ. ನಾನು, ತಾಯಪ್ಪ. ಇದು ಎರಡು ವರ್ಷದಿಂದ ನನಗೆ ಗೊತ್ತು, ನಿನಗೂ ಗೊತ್ತು. ನೀನು ಯಾರ ಮುಂದೆಯೂ ಹೇಳಲಿಲ್ಲ. ಆ ಕ್ಯಾಸೆಟ್ಟಿನ ಸಲುವಾಗಿ ಗೊರೇಬಾಳದ ನಿನ್ನ ಗುಂಪಿನ ಹೆಂಗಸರು ನಿನ್ನನ್ನು ನಾಟಿಯ ಸಾಲಿನಿಂದ ಎಬ್ಬಿಸಿ ಕಳಿಸಿದಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದುದೂ ಸಾಲದೆ ಸಿಂಧನೂರಿನ ಸಮಾವೇಶದಲ್ಲಿ ಎದ್ದು ನಿಂತು ಆ ತಪ್ಪನ್ನು ನಿನ್ನ ತಲೆಗೇ ಕಟ್ಟಿದೆ. ನೀನು ಮುದಗಲ್ಲಿಗೆ ಹೋಗಿ ಅಕ್ಕನ ಮನೆ ಸೇರಿದೆ. ಈಗ ಒಲೆ ಮುಂದೆ ಕೂತಾಗಲೂ ಒಂದು ಸಾಲೂ ಗುನುಗುವುದಿಲ್ಲವಂತೆ. ನೀನು ನಿನ್ನ ಸಾಲಿಗೆ ವಾಪಸು ಹೋಗಬೇಕು. ಈ ಕಾಗದ ಇರುವುದು ಅದಕ್ಕೆ. ಇದರಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಬರೆಯದೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಕೂರಲಾಗುತ್ತಿಲ್ಲ ಎಂದರೆ ಸುಮ್ಮನೆ ಆಡುವ ಮಾತಲ್ಲ. ಇವತ್ತು ಬೆಳಿಗ್ಗೆ ಲಿಂಗಸುಗೂರಿನಿಂದ ಮಸ್ಕಿಗೆ ಟೆಂಪೊ ಹತ್ತಿದೆ. ಹತ್ತುವಾಗಲೇ ನಿನ್ನ ದನಿ. ‘ನಿಂದರೋ ಗೌಡ ನಿಂದರೋ.’ ಮುಗಿಯಿತು. ಮತ್ತೆ ಅದೇ. ಎರಡು ವರ್ಷ ಹಳೆಯ ಹಾಡು, ಇನ್ನೂ ಇಳಿದಿಲ್ಲ. ಡ್ರೈವರು ಸ್ಟೇರಿಂಗಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ ನನ್ನ ಕಡೆ ತಿರುಗಿ, “ಏನ್ ಸರ್ರ, ಮಸ್ತ್ ಐತಲ್ರಿ? ಈ ಹಾಡು ಹಚ್ಚಿದ್ರ ಸಾಕು, ಗಾಡಿ ತಾನ ಓಡತೈತಿ ನೋಡ್ರಿ” ಎಂದ. ಮೂರನೆಯ ಸಲ ಶುರುವಾದಾಗ ನಾನು ಇಳಿಸು ಎಂದೆ. “ಇಲ್ಲಿ ಏನೈತ್ರಿ ಸರ್ರ, ಬರೇ ಜಾಲಿ ಗಿಡ!” ಎಂದು ಆತ ನಕ್ಕ. ಇಳಿದು ಬಿಸಿಲಲ್ಲಿ ನಡೆದೆ. ಗಾಡಿ ತಾನೇ ಓಡುತ್ತದಂತೆ. ಆ ಹಾಡು ಕೇಳಿ ತಾನೇ ಓಡಿದ್ದು ಗಾಡಿ ಒಂದೇ ಆಗಿದ್ದರೆ ನಾನು ಯಾಕೆ ಇಳಿಯುತ್ತಿದ್ದೆ?

ನಿನ್ನನ್ನು ಮೊದಲು ಕೇಳಿದ್ದು ತೊಂಬತ್ತರ ಮುಂಗಾರಿನಲ್ಲಿ. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು. ಕೂಲಿ ಹೆಚ್ಚಿಸಬೇಕೆಂಬ ಕರಪತ್ರ ಹಿಡಿದು ನಾನು ಗೊರೇಬಾಳದ ದೊಡ್ಡಬಸಪ್ಪನ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಇಪ್ಪತ್ತು ಇಪ್ಪತ್ತೆರಡು ಹೆಂಗಸರು ಸೀರೆ ಎತ್ತಿ ಕಟ್ಟಿ, ಬಾಗಿ, ಸಸಿ ನೆಡುತ್ತ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು “ತಾಯಂದಿರೇ” ಎಂದು ಶುರು ಮಾಡುವಷ್ಟರಲ್ಲಿ ಗುಂಪಿನ ಹಿರಿಯಳು ಅಮರಮ್ಮ ತಲೆ ಎತ್ತದೆಯೇ ಅಂದಳು: “ಏ ಸರ್ರ, ಅಲ್ಲಿ ನಿಂತು ಬರೇ ಬಾಯಿ ಮಾಡಬ್ಯಾಡ್ರಿ. ಕಾಲ ಬುಡದಾಗ ಸಸಿ ಕಟ್ಟ ಅದಾವ. ನಾಕು ಕಟ್ಟ ಈ ಕಡಿ ಒಗೀರಿ. ಆಮ್ಯಾಲ ಮಾತಾಡ್ರೆಂತ.” ಎಲ್ಲರೂ ನಕ್ಕರು. ನಾನು ಕರಪತ್ರ ಕಂಕುಳಲ್ಲಿಟ್ಟು ಸಸಿಕಟ್ಟು ಎಸೆದೆ. ಅಷ್ಟರಲ್ಲಿ ನೀನು ಹಾಡು ಎತ್ತಿದೆ.

ನಿನ್ನ ನೆರಳ ಬದುವಿನ ಮ್ಯಾಲ, ನಮ್ಮ ನೆರಳ ಕೆಸರಾಗ,
ನಿಂದರೋ ಗೌಡ ನಿಂದರೋ, ಕೆಸರಿಗೊಂದು ಮುಖ ಐತೋ...

ನನ್ನ ಮೈಯಲ್ಲಿ ಬೆಂಕಿ ಹರಿಯಿತು. ಹತ್ತು ವರ್ಷ ಹಾಡು ಕಟ್ಟಿದವನು ನಾನು. ಬೀದಿ ಬೀದಿಯಲ್ಲಿ ಹಲಗೆ ಬಡಿದವನು. ನನ್ನ ಒಂದೇ ಒಂದು ಸಾಲು ಕೂಡ ಯಾವ ಗದ್ದೆಯಲ್ಲೂ ಯಾರ ಬಾಯಲ್ಲೂ ಉಳಿದಿರಲಿಲ್ಲ. ಇಲ್ಲಿ ನೋಡಿದರೆ ದಣಿಯ ಗದ್ದೆಯಲ್ಲೇ, ದಣಿಯ ಆಳು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಾಗಲೇ, ಅವನ ಮುಖಕ್ಕೇ ಹಾಡುತ್ತಿದ್ದೀರಿ! ಆದರೆ ನುಡಿ ಮುಗಿದ ಕೂಡಲೇ ನೀನು ಒಂದು ‘ಓ’ ಎಳೆಯುತ್ತಿದ್ದೆ. ಉಳಿದವರು ಅದನ್ನು ಹಿಡಿದು ಇನ್ನಷ್ಟು ಎಳೆಯುತ್ತಿದ್ದರು. ಕಾಲುವೆಯ ಆಚೆ ದಂಡೆ ಮುಟ್ಟುವಷ್ಟು ಉದ್ದ. ನನಗೆ ಅದು ಸೇರಲಿಲ್ಲ. ಹೆಣದ ಮುಂದೆ ಅತ್ತಂತೆ ಕೇಳಿತು. ಇಷ್ಟು ಬೆಂಕಿಯಂಥ ಮಾತಿನ ಬಾಲಕ್ಕೆ ಈ ಗೋಳು ಯಾಕೆ ಅಂದುಕೊಂಡೆ.

ಕಿವಿಯಿಂದ ಕೇಳಿದೆ, ಕಣ್ಣಿನಿಂದ ನೋಡಲಿಲ್ಲ. ನೋಡಿದ್ದರೆ ಕಾಣುತ್ತಿತ್ತು: ಆ ‘ಓ’ ಶುರುವಾದ ಕೂಡಲೇ ಇಪ್ಪತ್ತೆರಡು ಬೆನ್ನುಗಳು ಒಟ್ಟಿಗೇ ಮೇಲೆದ್ದು ನೆಟ್ಟಗಾಗುತ್ತಿದ್ದವು. ದನಿ ನಿಲ್ಲುವ ತನಕ ಯಾರೂ ಬಾಗುತ್ತಿರಲಿಲ್ಲ. ಕೊಡೆ ಹಿಡಿದ ಆಳು ಬಾಯಿ ಬಿಡುವಂತಿರಲಿಲ್ಲ. ನಾಟಿಯ ಹಾಡನ್ನು ನಡುವೆ ಕಡಿದರೆ ಪೈರು ಮುನಿಯುತ್ತದೆ ಎಂಬ ನಂಬಿಕೆ ಅವನಿಗೂ ಇತ್ತು, ಅವನ ದಣಿಗೂ ಇತ್ತು. ಆ ನಂಬಿಕೆಯನ್ನು ಹುಟ್ಟಿಸಿದವರು ಯಾರು? ನಿಮ್ಮ ಅಜ್ಜಿಯರೇ ಇರಬೇಕು. ಬೆನ್ನು ಎತ್ತಲು ಯಾರ ಅಪ್ಪಣೆಯೂ ಬೇಡದಂಥ ಒಂದು ಉಪಾಯವನ್ನು ಹಾಡಿನೊಳಗೆ ಇಟ್ಟುಕೊಂಡು ಮೂರು ತಲೆಮಾರು ನಡೆಸಿದ್ದೀರಿ. ನಾವು ‘ದುಡಿಮೆಯ ನಡುವೆ ವಿಶ್ರಾಂತಿ ಬೇಕು’ ಎಂದು ಮನವಿಪತ್ರ ಬರೆದು ತಹಶೀಲ್ದಾರರ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ನೀವು ಅದನ್ನು ತೆಗೆದುಕೊಂಡೇ ಬಿಟ್ಟಿದ್ದಿರಿ.

ಇದು ನನಗೆ ಆಗ ತಿಳಿದಿರಲಿಲ್ಲ ಎಂದು ಬರೆದು ನುಣುಚಿಕೊಳ್ಳಬಹುದು. ಆದರೆ ನೀನು ಹೇಳಿದ್ದೆ, ತಂಗಿ. ಹೇಳಿದ್ದೆ.

ಲಿಂಗಸುಗೂರಿನ ನಮ್ಮ ಸಭೆಯಲ್ಲಿ ನಿನ್ನ ಹಾಡು ಕೇಳಿ ಗೌಸ್‌ಸಾಬ್ ಓಡಿ ಬಂದದ್ದು ನೆನಪಿದೆಯಾ? ಬಸ್‌ಸ್ಟ್ಯಾಂಡಿನ ಎದುರು ಅವನ ಕ್ಯಾಸೆಟ್ ಅಂಗಡಿ. ಅದುವರೆಗೆ ಬೇರೆಯವರ ಕ್ಯಾಸೆಟ್ಟು ಮಾರುತ್ತಿದ್ದವನು. “ಅಣ್ಣಾ, ಈ ತಂಗಿ ಹಾಡು ನಾನು ತೆಗೀತೀನ್ರಿ. ನನ್ನ ಅಂಗಡಿದು ಇದಾ ಪೈಲಾ ಕ್ಯಾಸೆಟ್ಟು. ಒಂದಾ ಹಾಡು, ಎರಡೂ ಕಡಿ ಅದಾ ಹಾಡು. ಜನ ತಿರುವಿ ಹಾಕಿದ್ರೂ ಇಕೀನಾ ಬರಬೇಕು” ಎಂದ. ನೀನು ಸೆರಗು ಬಾಯಿಗೆ ಹಿಡಿದು ನಕ್ಕೆ. “ಒಂದಾ ಹಾಡಿಗೆ ಯಾರು ಕೊಳ್ತಾರ ಭಾವಾ, ಬ್ಯಾಸರ ಆಗಂಗಿಲ್ಲೇನು?” ಎಂದು ಕೇಳಿದೆ. ಅವನು ಮಾರುವವನು, ನೀನು ಹಾಡುವವಳು. ನನಗೇನು ಕೆಲಸ ಅಲ್ಲಿ? ನಾನೇ ಹಚ್ಚಿಕೊಂಡ ಕೆಲಸ. ಜನರ ಹಾಡು ಪೇಟೆಯ ಕೈಗೆ ಸಿಕ್ಕು ಹಾಳಾಗಬಾರದು, ನಾನು ಪಕ್ಕದಲ್ಲಿದ್ದು ಕಾಯಬೇಕು ಎಂದೆ. ಕ್ಯಾಸೆಟ್ಟಿನ ಚೀಟಿಯ ಮೇಲೆ ‘ಮೇಲ್ವಿಚಾರಣೆ: ತಾಯಪ್ಪ, ಮಸ್ಕಿ’ ಎಂದು ಹಾಕಿಸಿಕೊಂಡೆ.

ಅಂಗಡಿಯ ಮೇಲಿನ ಆ ಖೋಲಿ. ಗೋಡೆಗೆಲ್ಲ ಕೌದಿ ಹೊಡೆದಿದ್ದ. ಸದ್ದು ಬರುತ್ತದೆಂದು ಫ್ಯಾನ್ ಬಂದ್. ನಡುಮಧ್ಯಾಹ್ನ. ಕ್ಯಾಸಿಯೋ ಕೀಬೋರ್ಡ್ ಬಾರಿಸುವವನ ಬೆವರು ಅದರ ಮನೆಗಳ ಮೇಲೆ ಸುರಿಯುತ್ತಿತ್ತು. ನೀನು ಕಣ್ಣು ಮುಚ್ಚಿ ಹಾಡಿದೆ, ನುಡಿಯ ಕೊನೆಗೆ ಬಂದೆ, ‘ಓ’ ಎಂದು ಎಳೆದೆ. ನಾನು ಕೈ ಎತ್ತಿದೆ. “ಕಡಿ, ಕಡಿ. ಈ ಎಳೆತ ಬೇಡ. ಇಲ್ಲಿ ಡೋಲು ಬರಲಿ, ತಕ್ಷಣ ಮುಂದಿನ ನುಡಿ ಹತ್ತಲಿ. ಜನ ಎದ್ದು ಕುಣಿಯಬೇಕು. ರಕ್ತ ಕುದಿಯಬೇಕು.” ಗೌಸ್‌ಸಾಬ್ ಕಿವಿಯ ಮೇಲಿನ ಹೆಡ್‌ಫೋನ್ ಸರಿಸಿ, “ಅಣ್ಣಾ, ಖರೇ ಅಂದ್ರ ಈ ಹಾಡಿನ ಜೀಂವ ಅದರಾಗಾ ಐತ್ರಿ. ಇರಲಿ ಬಿಡ್ರಿ” ಎಂದ. ಕೇಳು ತಂಗಿ, ಇದನ್ನು ಎಲ್ಲರೂ ಕೇಳಲಿ. ಅದನ್ನು ಉಳಿಸಿ ಎಂದವನು ಪೇಟೆಯವನು. ತೆಗೆ ಎಂದವನು ಕ್ರಾಂತಿಕಾರಿ.

ಆಗ ನೀನು ಮೆಲ್ಲಗೆ ಅಂದೆ: “ಅಣ್ಣ, ಅಲ್ಲಿ ನಾವು ಬೆನ್ನ ಎತ್ತತೀವಿ.”

ನಾನೇನಂದೆ? ನೆನಪಿಲ್ಲದಿದ್ದರೆ ಒಳ್ಳೆಯದಿತ್ತು. ಅಂದೆ: “ಇಲ್ಲಿ ಗದ್ದೆ ಎಲ್ಲಿದೆಯಮ್ಮ? ಯಾರ ಬೆನ್ನೂ ಬಾಗಿಲ್ಲ. ಹಾಡು.”

ನೀನು ನನ್ನ ಮುಖ ನೋಡಿದೆ. ಓದಿದವನು, ಭಾಷಣ ಮಾಡುವವನು, ನೀನು ಅಣ್ಣ ಎಂದು ಕರೆದವನು. ಹಾಡಿಬಿಟ್ಟೆ. ಎಳೆತವಿದ್ದ ಪ್ರತಿ ಜಾಗದಲ್ಲೂ ಡೋಲು ಬಂತು. ಹಾಡು ಓಡತೊಡಗಿತು.

ಮತ್ತೆ ಎಂಥ ಓಟ! ತೊಂಬತ್ತೊಂದರ ಯುಗಾದಿಯ ಹೊತ್ತಿಗೆ ಸಿಂಧನೂರಿನಿಂದ ಲಿಂಗಸುಗೂರಿನ ತನಕ ನಿನ್ನ ಹಾಡಿಲ್ಲದ ಚಹಾ ಹೋಟೆಲ್ ಇರಲಿಲ್ಲ. ಕ್ಷೌರದ ಅಂಗಡಿಯಲ್ಲಿ, ಗಿರಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ. ಮದುವೆಯ ಬ್ಯಾಂಡಿನವರು ಅದನ್ನು ಕಲಿತರು. ಮದುಮಗ ಕುದುರೆ ಮೇಲೆ ಕೂತು ‘ನಿಂದರೋ ಗೌಡ’ ಕೇಳುತ್ತ ಬರುತ್ತಿದ್ದ, ಅವನೇ ಗೌಡನಾಗಿದ್ದರೂ ಸಹ. ಕ್ಯಾಸೆಟ್ಟಿನ ಮೇಲೆ ನಿನ್ನ ಚಿತ್ರ ಇರಲಿಲ್ಲ. ಯಾವುದೋ ಕ್ಯಾಲೆಂಡರಿನ ಬೆಳ್ಳನೆಯ ಹುಡುಗಿ ಕೈಯಲ್ಲಿ ಸಸಿ ಹಿಡಿದು ನಗುತ್ತಿದ್ದಳು, ಉಗುರಿಗೆ ಬಣ್ಣ. ನೀನು ಅದನ್ನು ನೋಡಿ, “ಯವ್ವಾ, ಇಕಿ ಕಾಲಿಗೆ ಕೆಸರಾ ಹತ್ತಿಲ್ಲಲ್ಲ!” ಎಂದು ನಕ್ಕಿದ್ದೆ. ಸಿಂಧನೂರಿನ ಆರ್ಕೆಸ್ಟ್ರಾದಲ್ಲಿ ಚಪ್ಪಲಿ ವೇದಿಕೆಯ ಕೆಳಗೆ ಬಿಟ್ಟು ಬರಿಗಾಲಲ್ಲಿ ಹತ್ತಿದೆ. ಹುಡುಗರು ಸಿಳ್ಳೆ ಹೊಡೆದು ಆರು ಸಲ ಅದೇ ಹಾಡು ಹಾಡಿಸಿದರು. ಆರನೆಯ ಸಲ ನೀನು ಮೈಕನ್ನು ಒಂದೇ ಕೈಯಲ್ಲಿ ಹಿಡಿದು ಸೊಂಟದ ಮೇಲೆ ಇನ್ನೊಂದು ಕೈ ಇಟ್ಟೆ. ಖುಷಿಯಾಗಿತ್ತು ನಿನಗೆ. ಯಾಕಾಗಬಾರದು? ಆವತ್ತು ನಾನು ಹಿಂದಿನ ಸಾಲಿನಲ್ಲಿ ಕೂತು ‘ಹೆಮ್ಮೆ’ ಎಂದು ಹೆಸರಿಟ್ಟುಕೊಂಡ ಸಂಗತಿ ಹೊಟ್ಟೆಕಿಚ್ಚು. ಇದನ್ನೂ ಬರೆದಿಡುತ್ತೇನೆ.

ಜುಲೈಯಲ್ಲಿ ಕಾಲುವೆಗೆ ನೀರು ಬಂತು. ಗದ್ದೆಗೆ ಕ್ಯಾಸೆಟ್ಟು ತರಿಸಿದವರು ದಣಿಗಳಲ್ಲ, ನಿನ್ನ ಗುಂಪಿನವರೇ. ‘ನಮ್ಮ ಹುಸೇನಿ ಹಾಡು ಹಚ್ಚರಿ’ ಎಂದು ಅವರೇ ದೊಡ್ಡಬಸಪ್ಪನನ್ನು ಕೇಳಿದರು. ಆತ ಬದುವಿನ ಮೇಲೆ ಬ್ಯಾಟರಿ, ಟೇಪು, ಎರಡು ಮೈಕು ಇಟ್ಟ. ನೀನು ಸಾಲಿನಲ್ಲೇ ಇದ್ದೆ. ಮೈಕಿನಲ್ಲೂ ನೀನು, ಕೆಸರಿನಲ್ಲೂ ನೀನು. ಮೊದಲ ದಿನ ಹಬ್ಬ. ಕೈಗಳು ಡೋಲಿನ ಹಿಂದೆ ಓಡಿದವು. ನುಡಿ ಮುಗಿಯಿತು, ಬೆನ್ನು ಎತ್ತಲು ಹೋದರೆ ಎಳೆತ ಇಲ್ಲ, ಮುಂದಿನ ನುಡಿ ಬಂದೇ ಬಿಟ್ಟಿತು. ಕೈ ತಾಳ ಬಿಡಲಿಲ್ಲ. ಬೆನ್ನು ಬಾಗಿಯೇ ಉಳಿಯಿತು. ಮೂರು ದಿನದ ಗದ್ದೆ ಎರಡು ದಿನಕ್ಕೆ ಮುಗಿದದ್ದು ದೊಡ್ಡಬಸಪ್ಪನ ಕಣ್ಣಿಗೆ ಬಿತ್ತು. ಅವನ ಕಣ್ಣಿಗೆ ಬಿದ್ದದ್ದು ದಢೇಸುಗೂರಿನ ತನಕ ಎಲ್ಲ ದಣಿಗಳ ಕಿವಿಗೂ ಬಿತ್ತು. ಹದಿನೈದು ದಿನದಲ್ಲಿ ಕಾಲುವೆಯ ಉದ್ದಕ್ಕೂ ಬದುವಿಗೊಂದು ಮೈಕು. ಟೇಪು ನಿಲ್ಲಿಸಿ ಎಂದು ಹೆಂಗಸರು ಕೇಳಿದರೆ ದಣಿಗಳ ಬಾಯಲ್ಲಿ ಒಂದೇ ಮಾತು: “ಯಾಕವಾ, ನಿಮ್ಮ ಹಾಡಾ ಅಲ್ಲೇನು? ನಡುವ ಕಡದ್ರ ಪೈರು ಮುನಿತೈತಿ.” ನಿಮ್ಮ ಅಜ್ಜಿಯರ ಉಪಾಯವನ್ನು ನಿಮ್ಮ ಮೇಲೇ ತಿರುಗಿಸಿದರು. ತಿರುಗಿಸಲು ಬರುವ ಹಾಗೆ ಅದನ್ನು ಹದ ಮಾಡಿ ಕೊಟ್ಟವನು ನಾನು.

ರಮಜಾನಬಿ ಬಿದ್ದದ್ದು ಆಗಸ್ಟಿನಲ್ಲಿ. ನಿನ್ನ ಬಲಮಗ್ಗುಲಿಗೆ ನಿಲ್ಲುವವಳು, ನಿನಗೆ ಹಾಡು ಕಲಿಸಿದವಳು. ಮುಂದಕ್ಕೆ ಮುಗ್ಗರಿಸಿ ಮುಖ ಕೆಸರಿನಲ್ಲಿಟ್ಟು ಬಿದ್ದಳು, ಏಳಲಿಲ್ಲ. ನೀನೇ ಎತ್ತಿ ಬದುವಿನ ಮೇಲೆ ಮಲಗಿಸಿದೆಯಂತೆ. ಅವಳ ಮೂಗು ಬಾಯಿಯಿಂದ ಕೆಸರು ತೆಗೆಯುವಾಗಲೂ ಮೈಕಿನಲ್ಲಿ ನಿನ್ನ ದನಿ ಕುಣಿಯುತ್ತಿತ್ತಂತೆ. ಜೀವ ಉಳಿಯಿತು. ಸೊಂಟ ಹೋಯಿತು. ಇವತ್ತಿಗೂ ಅವಳು ಬಾಗಿ ಒಂದು ಚೊಂಬು ನೀರು ಎತ್ತಲಾರಳು.

ಮರುದಿನ ನೀನು ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಾಗ ಅಮರಮ್ಮ ಅಂದ ಮಾತು ನನಗೆ ನೀನೇ ಹೇಳಿದ್ದು: “ಏಳವಾ ಮ್ಯಾಲಕ್ಕ. ನಿನ್ನ ದನಿ ಗೌಡನ ಕಡಿ ನಿಂತು ನಮ್ಮನ್ನ ದುಡಸಾಕತ್ತೈತಿ. ನೀನೂ ಅಲ್ಲೇ ಹೋಗಿ ನಿಂದ್ರು.” ನೀನು ಅಲ್ಲಿಂದ ಸೀದಾ ಮಸ್ಕಿಗೆ ಬಂದೆ. ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ನಾನು ನಾಲ್ಕು ಜನ ಗೆಳೆಯರ ಜೊತೆ ಕೂತಿದ್ದೆ. ನಿನ್ನ ಕಾಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಒಳಗೆ ಬರದೆ ಬಾಗಿಲಲ್ಲೇ ನಿಂತು ಕೇಳಿದೆ: “ಅಣ್ಣ, ನೀ ಬಂದು ಒಂದು ಮಾತು ಹೇಳು. ಹಿಂಗಿಂಗ ಆತು ಅಂತ. ನಾ ಹೇಳಿದ್ರ ಯಾರ ಮ್ಯಾಲರ ಹಾಕಾಕತ್ತಾಳ ಅಂತಾರ. ನೀ ಹೇಳಿದ್ರ ಕೇಳ್ತಾರ.” ಗೆಳೆಯರು ನನ್ನ ಮುಖ ನೋಡುತ್ತಿದ್ದರು. ನಾನು, “ಬರ್ತೀನಿ, ನಡಿ. ಸಮಾವೇಶದ ಕೆಲಸ ಅದ, ಮುಗಿಸಿ ಬರ್ತೀನಿ” ಎಂದೆ.

ಬರಲಿಲ್ಲ.

ಸಮಾವೇಶದಲ್ಲಿ ಒಬ್ಬ ಎದ್ದು ಕೇಳಿದ: ಚಳವಳಿಯ ವೇದಿಕೆಯಲ್ಲಿ ಹಾಡಿದವಳ ಕ್ಯಾಸೆಟ್ಟು ಈಗ ದಣಿಗಳ ಚಾಟಿಯಾಗಿದೆ, ಇದಕ್ಕೆ ಉತ್ತರ ಯಾರು ಕೊಡುತ್ತೀರಿ? ಪೆಂಡಾಲಿನ ತುಂಬ ಜನ. ಅವನ ಕೈಯಲ್ಲಿ ಕ್ಯಾಸೆಟ್ಟಿತ್ತು. ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ನನ್ನ ಹೆಸರಿತ್ತು. ಅವನು ಓದಿರಲಿಲ್ಲ. ಯಾರೂ ಓದಿರಲಿಲ್ಲ. ನಾನು ಮೈಕಿನ ಮುಂದೆ ಹೋಗಿ, “ಜನರ ಹಾಡನ್ನು ಪೇಟೆಗೆ ಒಪ್ಪಿಸಿದವರಿಗೆ ನಮ್ಮ ವೇದಿಕೆಯಲ್ಲಿ ಜಾಗವಿಲ್ಲ” ಎಂದೆ. ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಆ ಭಾಷಣ ನಮ್ಮ ಪತ್ರಿಕೆಯಲ್ಲಿ ಮೊದಲ ಪುಟದಲ್ಲಿ ಬಂತು. ಮನೆಗೆ ಬಂದು ನನ್ನ ಹತ್ತಿರವಿದ್ದ ಕ್ಯಾಸೆಟ್ಟಿನ ಚೀಟಿ ಹರಿದು ಒಲೆಗೆ ಹಾಕಿದೆ. ಯಾಕೆ ಮಾಡಿದೆ ಎಂದು ಕೇಳಿದರೆ ದೊಡ್ಡ ಕಾರಣವೇನಿಲ್ಲ. ಅಂಜಿಕೆ. ಹತ್ತು ವರ್ಷ ಹಲಗೆ ಬಡಿದು ಸಂಪಾದಿಸಿದ ಒಂದು ಕುರ್ಚಿ, ಅದು ಹೋದೀತೆಂಬ ಅಂಜಿಕೆ. ದಣಿಗಳ ವಿರುದ್ಧ ಗಂಟಲು ಹರಿದುಕೊಂಡವನು ಒಂದು ಕುರ್ಚಿಗಾಗಿ ಒಬ್ಬ ಕೂಲಿ ಹೆಣ್ಣುಮಗಳನ್ನು ಬಲಿಕೊಟ್ಟೆ. ಇದಕ್ಕಿಂತ ಮೆತ್ತಗಿನ ಶಬ್ದ ನನಗೆ ಸಿಗುತ್ತಿಲ್ಲ, ಹುಡುಕುವುದೂ ಇಲ್ಲ.

ಎರಡು ವರ್ಷ ಹೀಗೇ ಕಳೆದೆ. ಹೋದ ತಿಂಗಳು ಮತ್ತೆ ಗೊರೇಬಾಳಕ್ಕೆ ಹೋದೆ. ತಪ್ಪು ಒಪ್ಪಲು ಹೋದೆ ಎಂದುಕೊಳ್ಳಬೇಡ, ಅಷ್ಟು ಒಳ್ಳೆಯವನಲ್ಲ. ಗದ್ದೆಯಲ್ಲಿ ಮೈಕು ಬೇಡ ಎಂದು ಹೊಸ ಕರಪತ್ರ ಮಾಡಿದ್ದೆವು, ಅದನ್ನು ಹಂಚಲು ಹೋಗಿದ್ದೆ. ದೊಡ್ಡಬಸಪ್ಪನ ಗದ್ದೆಯ ಬದುವಿನ ಮೇಲೆ ಜಾಲಿಯ ನೆರಳಲ್ಲಿ ರಮಜಾನಬಿ ಕೂತಿದ್ದಳು. ಈಗ ಅವಳ ಕೆಲಸ ನೆಡುವವರ ಕೂಸುಗಳನ್ನು ನೋಡಿಕೊಳ್ಳುವುದು. ತೊಡೆಯ ಮೇಲೆ ಒಂದು, ಪಕ್ಕದಲ್ಲಿ ಎರಡು. ಅವಳಿಗೇ ಮೊದಲು ಕರಪತ್ರ ಕೊಟ್ಟೆ. ಅದರಿಂದ ಕೂಸಿನ ಮುಖಕ್ಕೆ ಗಾಳಿ ಬೀಸುತ್ತ, “ಸರ್ರ, ಹುಸೇನಿ ಎಲ್ಲದಾಳರೀ? ಚಂದಾಗಿ ಉಣ್ತಾಳೋ ಇಲ್ಲೋ? ಆಕಿ ಮೊದಲಿಂದಾನೂ ಸಿಟ್ಟು ಬಂದ್ರ ಊಟ ಬಿಡಾಕಿ” ಎಂದಳು.

ಸೊಂಟ ಕಳೆದುಕೊಂಡವಳು ಕೇಳಿದ್ದು ಇದನ್ನು. ನನ್ನ ಬಾಯಿಂದ ಮಾತು ತಾನೇ ಹೊರಬಿತ್ತು. ನಿಂತಲ್ಲೇ ನಿಂತು, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಮೈಕಿನಲ್ಲಿ ಬರುತ್ತಿದ್ದ ನಿನ್ನ ಹಾಡಿಗಿಂತ ಜೋರಾಗಿ ಕಿರುಚಿ ಹೇಳಿದೆ. ಎಳೆತ ತೆಗೆಸಿದ್ದು ನಾನು. ಬೆನ್ನು ಎತ್ತುತ್ತೇವೆ ಎಂದು ಹುಸೇನಮ್ಮ ಹೇಳಿದಳು. ನಾನು ಕೇಳಲಿಲ್ಲ. ಸಿಂಧನೂರಿನಲ್ಲಿ ನಾನು ಆಡಿದ್ದು ಸುಳ್ಳು.

ಎಲ್ಲರೂ ಅತ್ತು ಕ್ಷಮಿಸಿಬಿಟ್ಟರು ಎಂದು ಬರೆಯಲೇ? ನಮ್ಮ ಬೀದಿನಾಟಕದಲ್ಲಿ ಹಾಗೇ ಆಗುತ್ತದೆ. ಇಲ್ಲಿ ಅಮರಮ್ಮ ಕೈಯಲ್ಲಿದ್ದ ಸಸಿಕಟ್ಟು ಬಿಸಾಕಿ ನಿಂತಳು. “ಎರಡು ವರ್ಸ ಬಾಯಾಗ ಏನ ಇಟಗೊಂಡಿದ್ದೆಲೇ, ಬಾಡ್ಯಾ?” ಎಂದಳು. ಬಹುವಚನ ಹೋಯಿತು, ಸರ್ ಹೋಯಿತು. ಹೋಗಬೇಕಾದದ್ದೇ. “ನೀ ಕಡಿ ಅಂದಿ. ಆಕಿ ಯಾಕ ಹೂಂ ಅಂದಳು? ಬಾಯಿ ಆಕೀದಾ ಅಲ್ಲ? ಆಕಿಗೂ ಮೈಕಿನ ಮಜಾ ಬೇಕಾಗಿತ್ತು.” ಆಮೇಲೆ ಅಂದಳು: “ಅಂಗಿ ಬಿಚ್ಚಿ ಇಳಿ. ಇವತ್ತು ಹೊತ್ತು ಮುಳುಗೋತನಕ ನೆಡು. ನೀ ಮಾಡಿದ ಹಾಡಿಗೆ ನೀನಾ ನೆಡು.”

ಇಳಿದೆ. ಹುಸೇನಮ್ಮಾ, ನಲವತ್ತು ವರ್ಷದ ಜೀವನದಲ್ಲಿ ದುಡಿಮೆಯ ಬಗ್ಗೆ ಅಷ್ಟು ಹಾಡು ಬರೆದವನು ಒಂದು ಸಸಿಯನ್ನೂ ನೆಟ್ಟಿರಲಿಲ್ಲ. ನೆಟ್ಟದ್ದು ತೇಲಿ ಮೇಲೆ ಬರುತ್ತಿತ್ತು. ಹೆಂಗಸರಿಗೆ ಮಜವೋ ಮಜ. “ನೋಡ್ರೇ ಇವನ ಕುಂಡಿ! ಆಕಾಶಕ್ಕ ಭಾಷಣ ಮಾಡಾಕತ್ತೈತಿ!” “ಏ, ಸಸಿನ ಕುತಗಿ ಹಿಡದು ಹಿಚುಕಬ್ಯಾಡೋ, ಅದೇನು ಗೌಡ ಅಲ್ಲ!” ನಾನೂ ನಕ್ಕೆ, ಸ್ವಲ್ಪ ಹೊತ್ತು. ಆಮೇಲೆ ನಗು ಬರಲಿಲ್ಲ. ಟೇಪು ತಿರುಗುತ್ತಲೇ ಇತ್ತು. ನುಡಿ ಮುಗಿಯುವಾಗ ನನ್ನ ಬೆನ್ನು ತಾನಾಗಿಯೇ ಮೇಲೇಳಲು ಹೊರಟಿತು. ಯಾರೂ ಅದಕ್ಕೆ ಕಲಿಸಿರಲಿಲ್ಲ. ಡೋಲು ಬಂದು ಅದರ ಮೇಲೆ ಕೂತಿತು. ನನ್ನ ಡೋಲು. ಹತ್ತು ಸಲ, ಇಪ್ಪತ್ತು ಸಲ. ಕಣ್ಣಿಗೆ ಕತ್ತಲೆ. ನೀನು ಆ ಖೋಲಿಯಲ್ಲಿ ಐದೇ ಶಬ್ದದಲ್ಲಿ ಹೇಳಿದ್ದನ್ನು ತಿಳಿದುಕೊಳ್ಳಲು ಈ ಪಂಡಿತನಿಗೆ ಇಷ್ಟು ಬೇಕಾಯಿತು.

ಹೊತ್ತು ಇಳಿಯುವಾಗ ಗದ್ದೆಯ ಇನ್ನೊಂದು ಮಡಿಗೆ ಹೋದೆವು. ಹೆಂಗಸರು ಸಾಲು ಹಿಡಿದು ನಿಂತರು. ಸಾಲಿನ ನಡುವೆ ಒಂದು ಕಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಯಾರೋ ನೀರು ಕುಡಿಯಲು ಹೋಗಿರಬೇಕೆಂದು ನಾನು ಹೋಗಿ ಅಲ್ಲಿ ನಿಂತೆ. ನಗು ಒಮ್ಮೆಲೇ ನಿಂತಿತು. ಅಮರಮ್ಮ ಗದರಿದಳು: “ಏ, ಅಲ್ಲಿ ಬ್ಯಾಡ! ಕಡೀಗೆ ಹೋಗಿ ನಿಂದ್ರು.” ಯಾಕೆ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಬಾಗಿ ಮೊದಲ ಸಸಿ ನೆಡುತ್ತ ಅಂದಳು: “ಅದು ಹುಸೇನಿ ಜಾಗ.”

ಕಡೆಗೆ ಹೋಗಿ ನಿಂತು ನೋಡಿದೆ. ಎಡಗಡೆಯವಳು ಕೈ ಚಾಚಿ ಎರಡು ಸಸಿ, ಬಲಗಡೆಯವಳು ಕೈ ಚಾಚಿ ಎರಡು ಸಸಿ. ನಿನ್ನ ಪಾಲಿನದನ್ನು ಇಬ್ಬರೂ ಹಂಚಿಕೊಂಡು, ನಡುವೆ ಕಾಲಿಡದೆ, ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದರು. ಎರಡು ವರ್ಷ ಹೀಗೇ ನೆಟ್ಟಿದ್ದಾರಂತೆ. ಕೈ ಚಾಚಿ ನೆಟ್ಟರೆ ಬೆನ್ನು ಇನ್ನೂ ಹೆಚ್ಚು ನೋಯುತ್ತದೆ, ಅದು ನಿನಗೆ ನಾನು ಹೇಳಬೇಕಾಗಿಲ್ಲ. ಸಿಟ್ಟಿನಲ್ಲಿ ನಿನ್ನನ್ನು ಹೊರಗೆ ಹಾಕಿದರು, ನಿನ್ನ ಜಾಗವನ್ನು ಹಾಕಲಿಲ್ಲ. ನಮ್ಮ ಸಂಘಟನೆಯಲ್ಲಿ ಒಬ್ಬ ಹೊರಗೆ ಹೋದರೆ ಅವನ ಕುರ್ಚಿ ಬಿಸಿ ಆರುವ ಮೊದಲೇ ಇನ್ನೊಬ್ಬ ಕೂತಿರುತ್ತಾನೆ.

ಈ ಕಾಗದದ ಒಂದು ಪ್ರತಿಯನ್ನು ನಮ್ಮ ಪತ್ರಿಕೆಗೆ ಕೊಟ್ಟಿದ್ದೇನೆ. ಅದೇ ಮೊದಲ ಪುಟದಲ್ಲಿ ಹಾಕಿ ಎಂದಿದ್ದೇನೆ. ಚಳವಳಿಗೆ ಹಾನಿ ಎಂದು ಗೆಳೆಯರು ತಲೆ ಕೆರೆದುಕೊಂಡರು. ಒಬ್ಬ ಹೆಣ್ಣುಮಗಳ ಮೇಲೆ ಸುಳ್ಳು ಹೊರಿಸಿದ ಮೇಲೂ ಸಾಯದ ಚಳವಳಿ ಒಂದು ನಿಜಕ್ಕೆ ಸಾಯುವುದಾದರೆ ಸಾಯಲಿ ಎಂದು ಹೇಳಿ ಬಂದೆ. ನೀನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ಮೇಲೆ ಇನ್ನೊಂದು ಹೊರೆ. ಹಾಡು ಎಂದೂ ಹೇಳುವುದಿಲ್ಲ. ಯಾವಾಗ ಹಾಡಬೇಕು, ಎಲ್ಲಿ ಎಳೆಯಬೇಕು ಎಂದು ನಿನಗೆ ಹೇಳುವವರ ಪಟ್ಟಿಯಿಂದ ನನ್ನ ಹೆಸರು ಹೋಯಿತು.

ಹೇಳಬೇಕಾದದ್ದು ನನ್ನ ಮಾತಲ್ಲ, ಬೇರೆಯವರದು. ಹೊರಡುವಾಗ ಹುಸೇನಮ್ಮ ಬಂದರೆ ಏನು ಮಾಡುತ್ತೀರಿ ಎಂದು ಅಮರಮ್ಮನನ್ನು ಕೇಳಿದೆ. ಕಾಲುವೆಯಲ್ಲಿ ಕೈ ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು. ಅವಳು ಅಂದದ್ದನ್ನು ಒಂದು ಅಕ್ಷರ ತೆಗೆಯದೆ, ಒಂದು ಅಕ್ಷರ ಸೇರಿಸದೆ ಬರೆಯುತ್ತೇನೆ:

“ಬಂದ್ರ ಬೈತೀನಿ. ಹೊಟ್ಟಿ ತುಂಬ ಬೈತೀನಿ. ಬೈಸ್ಕೊಂಡು ನೆಡಲಿ.”

ನಾಟಿ ಇನ್ನೂ ಎಂಟು ಹತ್ತು ದಿನ ಇದೆ. ಬರುವುದು ಬಿಡುವುದು ನಿನ್ನದು.

ನಿನ್ನ ಗಂಟಲು ಯಾರ ಕೈಸನ್ನೆಗೂ ಕಾಯದಿರಲಿ. ಹೊತ್ತು ಹೊತ್ತಿಗೆ ಉಣ್ಣು.

ನೀನು ಅಣ್ಣ ಎಂದು ಕರೆದಿದ್ದ
ತಾಯಪ್ಪ